ಸತ್ತವನಿಗೆ ಒನ್ಸ್ ಮೋರ್

ಡೇರೆ ಸಿನಿಮಾದಲ್ಲಿ ಪರದೆಯ ಮೇಲೆ ನಡೆಯುವುದಕ್ಕಿಂತ ಪರದೆಯ ಮುಂದೆ ನಡೆಯುವುದೇ ಹೆಚ್ಚು. ನನ್ನ ಮಾತನ್ನು ನೀವು ನಂಬಬೇಕು, ಏಕೆಂದರೆ ನಾನು ಕೂತಿದ್ದೇ ಅವೆರಡರ ನಡುವೆ. ಮೂಕಿ ಚಿತ್ರಗಳಿಗೆ ಹಾರ್ಮೋನಿಯಂ ಪೆಟ್ಟಿಗೆ ನುಡಿಸುತ್ತಿದ್ದೆ. ಆಮೇಲೆ ಬೊಂಬಾಯಿಯಿಂದ ಮಾತಾಡುವ ಹಿಂದಿ ಚಿತ್ರ ಬಂತು. ಹುಡುಗ ಹುಡುಗಿಯನ್ನು ಮೆಚ್ಚುತ್ತಾನೆ, ಅವಳಪ್ಪ ಬೇರೆ ಕಡೆ ಕೊಡಲು ಹೊರಡುತ್ತಾನೆ, ಅವಳು ಕೊರಗಿ ಸಾಯುತ್ತಾಳೆ, ಅವಳ ಹೆಣದ ಮುಂದೆ ಒಂದು ಹಾಡು ಹಾಡಿ ಇವನೂ ಸಾಯುತ್ತಾನೆ. ಕಥೆ ಇಷ್ಟೇ. ಆದರೆ ಆ ಹಾಡು! ಕೇಳಿದ ಮೊದಲ ದಿನವೇ ನನ್ನ ಬೆರಳಿಗೆ ಇಳಿದುಬಿಟ್ಟಿತು.

ಡೇರೆಯ ಮಾಲೀಕರು ನನ್ನನ್ನು ಕರೆದರು. “ಇನ್ಮೇಲೆ ಚಿತ್ರಾನೇ ಹಾಡ್ತದೆ. ನಿನ್ನ ಪೆಟ್ಟಿಗೆಗೇನು ಕೆಲಸ ಹೇಳು? ಕಡೂರು, ತರೀಕೆರೆ, ಅಜ್ಜಂಪುರದಲ್ಲಿ ಹಿಂದಿ ಮಾತನ್ನ ಕನ್ನಡದಲ್ಲಿ ಕೂಗಿ ಹೇಳು. ಅದು ಮುಗಿದ್ಮೇಲೆ ಊರಿಗೆ ಹೋಗ್ಬಿಡಪ್ಪಾ” ಎಂದರು. ಪೆಟ್ಟಿಗೆ ಬಿಟ್ಟರೆ ನನಗೆ ಬೇರೆ ಬದುಕು ಗೊತ್ತಿರಲಿಲ್ಲ.

ಕಡೂರಿನ ಸಂಬಂಧ

ಯಗಟಿಯಿಂದ ಗಾಡಿ ಕಟ್ಟಿಸಿಕೊಂಡು ಬಂದ ಅಜ್ಜಿಯೊಬ್ಬರು ಮುಂದಿನ ಸಾಲಿನಲ್ಲೇ ಕೂತಿದ್ದರು. ಪರದೆಯ ಮೇಲೆ ಹುಡುಗ ಹೊಳೆದಂಡೆಯಲ್ಲಿ ಅಳುತ್ತಿದ್ದ.

“ಯಾಕಪ್ಪಾ ಅಳ್ತಾನೆ?” ಎಂದು ನನ್ನನ್ನು ಕೇಳಿದರು.

“ಹೆಣ್ಣು ಕೊಡಲ್ಲ ಅಂದ್ರಂತೆ ಅಜ್ಜಿ.”

“ಹಿರೀರನ್ನ ಕರ್ಕಂಡು ಹೋಗಿ ಕೇಳಿದ್ನಾ? ತೆಂಗಿನ ತೋಟ ಎಷ್ಟೈತಂತೆ?”

“ಅದೆಲ್ಲ ಚಿತ್ರದಲ್ಲಿ ಹೇಳಿಲ್ಲ.”

“ಮತ್ತೆ ಅವರಪ್ಪ ಹೆಂಗೆ ಕೊಡ್ತಾನೆ? ತೋಟ ಹೇಳ್ದೆ ಹಾಡ್ ಹೇಳ್ಕಂಡು ಕೂತವ್ನೆ!”

ಇಡೀ ಡೇರೆ ಹೌದೆಂದು ತಲೆಯಾಡಿಸಿತು. ಕೊನೆಯಲ್ಲಿ ಇಬ್ಬರೂ ಸತ್ತಾಗ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಅಜ್ಜಿ ನನಗೇ ಗದರಿದರು: “ಅಷ್ಟೊತ್ತಿಂದ ಮುಂದೇನೇ ಕೂತಿದ್ದೀಯಲ್ಲ, ನೀನಾದ್ರೂ ಹೋಗಿ ಒಂದು ಮಾತು ಕೇಳಬಾರದಾಗಿತ್ತಾ?”

ತರೀಕೆರೆಯ ಮದುವೆ

ಡೇರೆಗೆ ಜಾಗ ಕೊಟ್ಟ ಸಾಹುಕಾರರ ಮನೆಯಲ್ಲಿ ಮಗಳ ಮದುವೆ. ನಮಗೂ ಊಟಕ್ಕೆ ಕರೆ ಬಂತು. ವಾಲಗದವರು ಡೇರೆಯ ಹೊರಗೆ ನಿಂತೇ ಚಿತ್ರದ ಹಾಡು ಕಲಿತುಬಿಟ್ಟಿದ್ದರು. ನಮ್ಮ ವಾಲಗದವರ ಕೈಗೆ ಸಿಕ್ಕರೆ ಅಳುವೂ ಕುಣಿಯುತ್ತದೆ, ಆ ವಿಷಯದಲ್ಲಿ ನನಗೆ ಹೆಮ್ಮೆಯೇ. ಆದರೆ ತಾಳಿ ಕಟ್ಟುವ ಹೊತ್ತಿಗೆ ಅವರು ಗಟ್ಟಿಯಾಗಿ ಊದಿದ್ದು ಹೆಣದ ಮುಂದಿನ ಆ ಹಾಡನ್ನೇ! ನನ್ನ ಕೈಲಿದ್ದ ಅಕ್ಷತೆ ಕೈಯಲ್ಲೇ ಉಳಿಯಿತು.

ಸಾಹುಕಾರರು ಹಿಗ್ಗಿ ಕೇಳಿದರು, “ಏನು ಇಂಪಾಗೈತ್ರೀ! ಅರ್ಥ ಏನು?”

ನಾನು, “ಇನ್ಮೇಲೆ ನಮ್ಮಿಬ್ಬರನ್ನ ಯಾರೂ ಅಗಲಿಸೋಕಾಗಲ್ಲ ಅಂತ ಗಂಡು ಹೇಳ್ತಾನೆ” ಎಂದೆ.

ಅವರಿಗೆ ಖುಷಿಯೋ ಖುಷಿ. ಆ ಹಾಡನ್ನು ನೋಡಲೆಂದೇ ಮರುದಿನ ಹೊಸ ಬೀಗರನ್ನೆಲ್ಲ ಡೇರೆಗೆ ಕರೆತಂದು ಮುಂದೆ ಕೂರಿಸಿದರು. ಪರದೆಯ ಮೇಲೆ ಹೆಣ ಬಂತು, ಹಾಡು ಶುರುವಾಯಿತು. ಸಾಹುಕಾರರು ನಿಧಾನವಾಗಿ ನನ್ನತ್ತ ತಿರುಗಿದರು. ನಾನು ಪಕ್ಕದಲ್ಲೇ ಇಟ್ಟುಕೊಂಡಿದ್ದ ಪೆಟ್ಟಿಗೆಯ ಹಿಂದೆ ಬಗ್ಗಿದೆ. ಚಿತ್ರ ಮುಗಿದ ಮೇಲೆ ಹತ್ತಿರ ಬಂದು ಹೇಳಿದರು: “ಅಗಲಿಸೋಕಾಗಲ್ಲ ಅಂದ್ಯಲ್ಲ, ಸುಳ್ಳೇನಲ್ಲ ಬಿಡು.”

ಅಜ್ಜಂಪುರದ ಸಾವು

ನನ್ನ ಕೊನೆಯ ಊರು. ಗಂಟುಮೂಟೆ ಕಟ್ಟಿಟ್ಟೇ ಡೇರೆಗೆ ಬಂದಿದ್ದೆ.

ಅಜ್ಜಂಪುರದವರಿಗೆ ಕಂಪನಿ ನಾಟಕದ ಹುಚ್ಚು. ನಾಟಕದಲ್ಲಿ ರಾಜ ಹಾಡಿ ಸತ್ತರೆ ಇವರು “ಒನ್ಸ್ ಮೋರ್” ಎನ್ನುತ್ತಾರೆ. ರಾಜ ಎದ್ದು, ಧೂಳು ಕೊಡವಿಕೊಂಡು, ಮತ್ತೆ ಹಾಡಿ ಮತ್ತೆ ಸಾಯುತ್ತಾನೆ. ಇಲ್ಲೂ ಹುಡುಗ ಹಾಡಿ ಸತ್ತ. ಡೇರೆ ಹಾರಿಹೋಗುವಂತೆ “ಒನ್ಸ್ ಮೋರ್!” ಎಂಬ ಕೂಗೆದ್ದಿತು.

“ಮಿಷನ್ನು ಹಿಂದಕ್ಕೆ ಹೋಗಲ್ಲ ಕಣ್ರೀ” ಎಂದ ಆಪರೇಟರ್.

ಊರ ಪಟೇಲರು ಎದ್ದು ನಿಂತರು. “ಎಂತೆಂಥಾ ಮಹಾರಾಜರನ್ನೇ ಎಬ್ಬಿಸಿದ್ದೀವಿ. ಈ ಬೊಂಬಾಯಿಯೋನು ಅವರಿಗಿಂತ ದೊಡ್ಡೋನಾ? ಏಳಕ್ಕೆ ಹೇಳ್ರೀ!”

ಜನ ಡೇರೆಯ ಹಗ್ಗಕ್ಕೆ ಕೈಹಾಕಿದರು. ಮಾಲೀಕರು ಓಡಿ ಬಂದರು. “ಲೇ, ಪೆಟ್ಟಿಗೆ ತಗಳೋ!” ಎಂದು ನನ್ನನ್ನು ಪರದೆಯ ಮುಂದಕ್ಕೆ ತಳ್ಳಿದರು.

ಪೆಟ್ಟಿಗೆ ನುಡಿಸುತ್ತಾ ಅದೇ ಧಾಟಿಗೆ ಕನ್ನಡದ ಮಾತು ಹೊಂದಿಸಿ ಹಾಡಿದೆ. ಇನ್ನು ಪೆಟ್ಟಿಗೆಗೆ ಕೆಲಸವಿಲ್ಲವಲ್ಲ ಎಂಬ ಸಂಕಟವೆಲ್ಲ ಆ ಹಾಡಿಗೆ ಇಳಿಯಿತು. ಹೆಂಗಸರು ಬಿಕ್ಕಿದರು, ಗಂಡಸರು ಮೂಗೊರೆಸಿಕೊಂಡರು. ಬೊಂಬಾಯಿಯವನಿಗಿಂತ ಒಂದು ಕೈ ಮೇಲೆಯೇ ಹಾಡಿದೆ ಎಂದು ಈಗಲೂ ಎದೆ ತಟ್ಟಿ ಹೇಳುತ್ತೇನೆ. ಮುಗಿಸಿ ಕೈಮುಗಿದೆ. ಯಾರೂ ಮೇಲೇಳಲಿಲ್ಲ.

ಪಟೇಲರು ಕೇಳಿದರು: “ಹಾಡಿದ್ದು ಭೇಷಾಯ್ತು. ಸಾಯೋದು ಯಾವಾಗ?”

ನಾನು ಮಾಲೀಕರ ಮುಖ ನೋಡಿದೆ. ಅವರು ಎರಡೂ ಕೈ ಜೋಡಿಸಿ, “ಸಾಯಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ” ಎಂದರು.

ಪೆಟ್ಟಿಗೆಯ ಮೇಲೆ ದೊಪ್ಪನೆ ಬಿದ್ದೆ. ಅದೂ ನನ್ನ ಜೊತೆ ಗುಂಯ್ ಎಂದು ನರಳಿತು. ಶಿಳ್ಳೆಯ ಮೇಲೆ ಶಿಳ್ಳೆ. ಮತ್ತೆ “ಒನ್ಸ್ ಮೋರ್!” ಮತ್ತೆ ಎದ್ದೆ, ಹಾಡಿದೆ, ಸತ್ತೆ.

ಮರುದಿನ ಬೆಳಿಗ್ಗೆ ಗಂಟು ಹೆಗಲಿಗೇರಿಸಿ ರೈಲಿಗೆ ಹೊರಟಿದ್ದೆ. ಬೀದಿಯಲ್ಲಿ ತಮಟೆಯವನು ಮಾಲೀಕರು ಹೇಳಿಕೊಟ್ಟಿದ್ದನ್ನು ಸಾರುತ್ತಿದ್ದ: “ಕೇಳ್ರಪ್ಪೋ ಕೇಳಿ! ಬೊಂಬಾಯಿಯೋನು ಒಂದೇ ಸಲ ಸಾಯ್ತಾನೆ! ನಮ್ಮ ಪೆಟ್ಟಿಗೆಯೋನು ಇವತ್ತಿಂದ ದಿನಾ ನೀವು ಎಷ್ಟು ಸಲ ಅಂದ್ರೆ ಅಷ್ಟು ಸಲ ಸಾಯ್ತಾನೆ!”