ಸೂಗಪ್ಪ ಮಾರ್ಕ್ ತಳ

ಮನಷ್ಯಾ ಚಂದ್ರನ ಮ್ಯಾಲ ಕಾಲಿಟ್ಟು ಆಗಲೇ ಹದಿಮೂರು ವರ್ಷ ಆಗಿತ್ತು. ಆದ್ರ ಎರಡು ಕಿಲೋ ಬದನಿಕಾಯಿ ಹಾಕಿದ್ರ ಜೋತು ಬೀಳಲಾರದಂಥ ಒಂದು ಅರಿಬಿ ಚೀಲ ಮಾತ್ರ ರಾಯಚೂರಿನಾಗ ಇನ್ನೂ ಹುಟ್ಟಿದ್ದಿಲ್ಲ! ಆ ಕೀರ್ತಿ ನನ್ನ ಸಲುವಾಗೇ ಕಾದು ಕುಂತದ ಅಂತ ಎಂಬತ್ತೆರಡನೇ ಇಸ್ವಿ ಬ್ಯಾಸಗಿಯಾಗ ನನಗ ಖಾತ್ರಿ ಆತು.

ನಾನಂದ್ರ ಹತ್ತಿ ಮಿಲ್ಲಿನ ಗುಮಾಸ್ತ ಸೂಗಪ್ಪ. ನನ್ನ ಹೆಂಡತಿ ಗೋಪಮ್ಮ ಹೊಲಿಗಿ ಮಷೀನಿನ ಮುಂದ ಕುಂತ್ಳಂದ್ರ ಹಳೇ ಪರದಿ, ಹರದ ಲಂಗ ಎಲ್ಲಾ ಚೀಲ ಆಗಿ ಎದ್ದು ಬರ್ತಿದ್ದವು. ಬಣ್ಣ ಚಂದ, ಹಿಡಿಕಿ ಗಟ್ಟಿ, ತಳ ಊಟದ ಗಂಗಾಳದಷ್ಟು ಅಗಲ, ದುಂಡಗ. ಆದ್ರ ಸಾಮಾನು ಬಿತ್ತೋ ಇಲ್ಲೋ, ಆ ತಳ ಗಬ್ಬದ ಎಮ್ಮಿ ಹೊಟ್ಟಿ ಹಂಗ ಜೋಲು ಬೀಳ್ತಿತ್ತು. ಓಣಿ ಮಂದಿಗೆ ಪುಕ್ಕಟ ಹೊಲದು ಕೊಡ್ತಿದ್ಳು ಅಂತ ಯಾರೂ ಬಾಯಿ ಮಾಡ್ತಿದ್ದಿಲ್ಲ ಅಷ್ಟ.

ಈ ಸಲ ಹಂಗಲ್ಲ. ಮಾನ್ವಿ ತಾಲೂಕಿನ ಹಿರೇಕೊಟ್ನೆಕಲ್ಲಿನಿಂದ ಬಂಡೆಮ್ಮನವರು ಹನ್ನೆರಡು ಚೀಲ ಹೇಳಿ ಕಳಿಸಿದ್ರು. ಬಸರಿ ಮಗಳ ಕುಬಸದಾಗ ಹನ್ನೆರಡು ಮಂದಿ ಮುತ್ತೈದೇರಿಗೆ ಅದರಾಗ ಉಡಿ ತುಂಬಿ ಕೊಡಬೇಕಂತ! ಇವು ಮನಸಿಗೆ ಬಂದ್ರ ಸಣ್ಣ ಮಗಳ ಮದುವಿಗೆ ಅರವತ್ತು! ಗೋಪಮ್ಮನ ಜೀವಮಾನದಾಗ ಪರಊರಿನವರು ಹುಡುಕ್ಕೊಂಡು ಬಂದು ಕೊಟ್ಟ ಮೊದಲನೇ ಕೆಲಸ. ಆಕಿಗೆ ನಾಲ್ಕು ದಿನದಿಂದ ಉಂಡ ಅನ್ನ ಮೈಗೆ ಹತ್ತಿದ್ದಿಲ್ಲ.

"ಎಲ್ಲಾ ಸರಿ ಅದರಿ, ಈ ತಳದ್ದೊಂದ ಚಿಂತಿ," ಅಂದ್ಳು.

"ತಳದ ಖಾತೆ ನನಗ ಬಿಡು!" ಅಂತ ಎದಿ ತಟ್ಟಿಕೊಂಡೆ.

"ನೀವು ಅದರ ತಂಟೆಕ್ಕ ಬರದಿದ್ರ ಸಾಕು. ಅದ ದೊಡ್ಡ ಉಪಕಾರ."

ಮಹಾಪುರುಷರಿಗೆ ಮನ್ಯಾಗ ಯಾವತ್ತೂ ಕಿಮ್ಮತ್ತಿಲ್ಲ. ನಾ ಸುಮ್ಮನ ಕೆಲಸಕ್ಕ ಹತ್ತಿದೆ.

ಮೊದಲನೇ ಪ್ರಯೋಗ, ಬೂಟಿನ ಡಬ್ಬಿ ರಟ್ಟು. ಅದನ್ನ ಹಾಕಿದ ಚೀಲದಾಗ ಬಾಜೂ ಮನಿ ಕಮರುನ್ನೀಸಾ ಹಸಿ ಪುಂಡಿಪಲ್ಯ ತಂದ್ಳು. ಮನಿ ಮುಟ್ಟೋದ್ರಾಗ ರಟ್ಟು ಕರಗಿ ಅಂಬಲಿ ಆಗಿತ್ತು. "ಸೂಗಪ್ಪ ಭಾಯ್, ಇದರಾಗ ಪಲ್ಯ ಯಾವದು, ರಟ್ಟು ಯಾವದು, ನೀವ ಬಂದು ಆರಿಸಿ ಕೊಡ್ರಿ!" ಅಂದ್ಳು. ಎರಡನೇ ಪ್ರಯೋಗ, ಡಾಲ್ಡಾ ಡಬ್ಬಿ ತಗಡು. ಅದು ಕರಗಲಿಲ್ಲ. ಅರಿಬಿ ಹರಕೊಂಡು ಹೊರಗ ಬಂದು ಅದ ಕಮರುನ್ನೀಸಾನ ಹೊಸಾ ಓಢನಿ ಮಾರುದ್ದ ಸೀಳಿತು. "ನನಗ ಚೀಲ ಬೇಕಾಗಿತ್ತು ಭಾಯ್, ಕತ್ತರಿ ಬಜಾರದಾಗ ಸಿಗ್ತದ," ಅಂತ ತಿರುಗಿ ಕೊಟ್ಟು ಹೋದ್ಳು.

ಮೂರನೇದು ಪ್ರಯೋಗ ಅಲ್ರಿ, ಆವಿಷ್ಕಾರ! ನಂದೊಂದು ಹಳೇ ಧೋತರ ಇತ್ತು, ಕೆಂಪು ದಡಿದು. ಗಂಗಾಳ ಡಬ್ಬು ಹಾಕಿ ಅದನ್ನ ದುಂಡಗ ಕತ್ತರಿಸಿದೆ. ಐದೈದು ಪದರ ಒಂದರ ಮ್ಯಾಲೊಂದು ಇಟ್ಟು, ನಡುನಡುವ ಜ್ವಾಳದ ಹಿಟ್ಟಿನ ಗಂಜಿ ಮೆತ್ತಿದೆ. ಹುಳ ಹತ್ತಬಾರದಂತ ಗಂಜಿಗೆ ಒಂದು ಹಿಡಿ ಮೆಂತ್ಯದ ಪುಡಿ ಕಲಸಿದೆ. ಎರಡೂ ಮಗ್ಗಲಿಗೆ ಮತ್ತ ಗಂಜಿ ಬಳದು ಮಾಳಗಿ ಮ್ಯಾಲ ಬಿಸಿಲಿಗೆ ಹಾಕಿದೆ. ರಾಯಚೂರಿನ ಬಿಸಿಲಂದ್ರ ಕೇಳಬೇಕೇನು? ಒಂದ ದಿನಕ್ಕ ಹನ್ನೆರಡೂ ಬಿಲ್ಲಿ ಬೆಳ್ಳಗ, ದುಂಡಗ, ಕಬ್ಬಿಣದಂಗ ಬಿಗದು ನಿಂತವು! ಬೆರಳಿಲೆ ಬಡದ್ರ ಟಣ್ ಅಂತಿದ್ದವು. ಅವಕ್ಕ 'ಸೂಗಪ್ಪ ಮಾರ್ಕ್ ತಳ' ಅಂತ ನಾನ ಹೆಸರಿಟ್ಟು ನಾನ ಚಪ್ಪಾಳಿ ಹೊಡದೆ.

ಇಂಥಾ ಗುಟ್ಟು ಹೆಂಡತಿಗೆ ಹೇಳಿದ್ರ ಕಮರುನ್ನೀಸಾಗ ಹೇಳಿದಂಗ, ಆಕಿಗೆ ಹೇಳಿದ್ರ ಟೇಶನ್ ತನಕ ಡಂಗುರ ಹೊಡದಂಗ. ಯಾರಿಗೂ ಹೇಳಲಿಲ್ಲ. ಇಲಿ ಮುಟ್ಟಬಾರದಂತ, ಅಡಿಗಿಮನಿ ಜಂತಿಗೆ ಜೋತುಬಿಟ್ಟ ಬುಟ್ಟಿಯಾಗ ಇಟ್ಟು ಮ್ಯಾಲ ಅರಿಬಿ ಮುಚ್ಚಿದೆ.

ಕುಬಸದ ದಿನ ಮುಂಜಾನೆ ಗೋಪಮ್ಮ ನಳದ ಪಾಳೇಕ್ಕ ಹೋಗಿದ್ಳು. ನಾ ಬುಟ್ಟಿಗೆ ಕೈ ಹಾಕ್ತೀನಿ, ಬುಟ್ಟಿ ಕಂಠಮಟ ತುಂಬ್ಯಾದ! ನಾ ಮಾಡಿದ್ದು ಹನ್ನೆರಡು, ಅಲ್ಲಿ ನೋಡಿದ್ರ ಮೂವತ್ತರ ಮ್ಯಾಲ ಅವ. 'ಏನ್ ಬರಕತ್ತಪಾ ನನ್ನ ಕೈಗೆ!' ಅಂತ ಹಿಗ್ಗಿ, ಕೈಗೆ ಸಿಕ್ಕ ಹನ್ನೆರಡು ತಗದು ಒಂದೊಂದು ಚೀಲದ ಅಸ್ತರಿನೊಳಗ ಒಂದೊಂದು ತೂರಿಸಿ, ದಬ್ಬಣದಿಂದ ಬಾಯಿ ಹೊಲದು ಬಿಟ್ಟೆ. ಗೋಪಮ್ಮ ಬಂದು ಒಂದು ಚೀಲದ ತಳ ಮುಟ್ಟಿ ನೋಡಿದ್ಳು.

"ಅಯ್ಯ, ಗಟ್ಟಿ ಆಗ್ಯಾವಲ್ರಿ!"

ಮದುವಿ ಆಗಿ ಹನ್ನೊಂದು ವರ್ಷಕ್ಕ ಬಂದ ಮೊದಲನೇ ಶಾಬಾಸಕಿ! ಚೀಲಗಳ ಗಂಟು ಮಾನ್ವಿ ಬಸ್ಸಿನ ಕಂಡಕ್ಟರ್ ಕೈಯಾಗ ಕೊಟ್ಟು, ಸಿಳ್ಳಿ ಹೊಡಕೋತ ಮನಿಗೆ ಬಂದೆ.

ಮನ್ಯಾಗ ಗೋಪಮ್ಮನ ಅಣ್ಣ ಜಂಬಣ್ಣ ದೇವದುರ್ಗದಿಂದ ಬಂದು ಊಟಕ್ಕ ಕುಂತಿದ್ದ. ಹಲ್ಲಿಲೆ ತೆಂಗಿನಕಾಯಿ ಸುಲಿಯೋ ಮನಷ್ಯಾ ಅಂವ. ತಾಟಿನಾಗಿನ ರೊಟ್ಟಿ ಕಡದ. ಮುರೀಲಿಲ್ಲ. ಬಾಯಿ ಬದಲಿಸಿ ದವಡಿ ಹಲ್ಲಿಲೆ ಕಡದ. ಜಪ್ಪಯ್ಯ ಅನ್ನಲಿಲ್ಲ.

"ತಂಗೀ, ರೊಟ್ಟಿ ಇವತ್ತ ಭಾಳ ಖಡಕ್ ಆಗ್ಯಾವ ನೋಡು."

"ಮಸರಿನಾಗ ನೆನಸ್ಕೊಂಡು ತಿನ್ನಣ್ಣಾ."

ನೆನಸಿದ. ಎರಡೂ ಕೈಲೆ ಜಗ್ಗಿದ. ಕಾಲಿಲೆ ತಾಟು ಒತ್ತಿ ಹಿಡದು ಜಗ್ಗಿದ. ಹೆಂಗೋ ನಾಲ್ಕು ತುತ್ತು ಒಳಗ ಹೋದವು.

"ಮೆಂತ್ಯ ಹಾಕೀಯೇನಬೇ ಇದಕ್ಕ?"

"ಇಲ್ಲಲ್ಲಣ್ಣಾ."

"ಮತ್ತ ಈ ದಾರ?"

"ಜ್ವಾಳದ ನಾರು ಇರಬೇಕು ಭಾವಾ," ಅಂತ ನಾ ತಿಳಿದವರಂಗ ಹೇಳಿದೆ.

"ನಾರು ಅಂದ್ರ ನಾರ ಆಗಲಿ ಸೂಗಪ್ಪಾರ. ಜ್ವಾಳಕ್ಕ ಕೆಂಪು ದಡಿ ಯಾವಾಗಿಂದ ಬರಾಕತ್ತದ?"

ನಾ ಜಿಗದು ಎದ್ದೆ. "ಉಗುಳ್ರಿ ಭಾವಾ, ಉಗುಳ್ರಿ! ಅದು ನನ್ನ ಧೋತರ! ಚೀಲದ ತಳ!"

ಜಂಬಣ್ಣ ತಾಟು ಬಿಟ್ಟು ಬಚ್ಚಲಿಗೆ ಓಡಿದ. ಗೋಪಮ್ಮ ಮಾತ್ರ ಇದ್ದಲ್ಲೇ ನಿಂತಿದ್ಳು.

"ಚೀಲದ ತಳ ತಾಟಿನಾಗ ಬಂದದ," ಅಂದ್ಳು ಮೆಲ್ಲಕ. "ಅಂದ್ರ, ಅಣ್ಣ ಬರ್ತಾನಂತ ನಿನ್ನೆ ಇಪ್ಪತ್ತು ಖಡಕ್ ರೊಟ್ಟಿ ಬಡದು ಆ ಬುಟ್ಟಿಯಾಗ ಇಟ್ಟಿದ್ನಲ್ಲಾ, ಅವು ಎಲ್ಲಿ ಹೋದವ್ರಿ?"

ಮಾನ್ವಿ ಬಸ್ಸಿಗೆ ಹೋಗ್ಯಾವ ಅಂತ ಬಾಯಿ ಬಿಟ್ಟೆ. ಆಕಿ ಅಲ್ಲೇ ಮಷೀನಿನ ಬಾಜೂಕ ಕುಂತು ಸೆರಗಿನಾಗ ಮಾರಿ ಮುಚ್ಚಿಕೊಂಡು ಅಳಾಕ ಹತ್ತಿದ್ಳು. ಬೈದಿದ್ರ ಚಲೋ ಇತ್ತು. ಜಂಬಣ್ಣಗ ಒಂದು ತಂಬಿಗಿ ಮಜ್ಜಿಗಿ ಕೊಟ್ಟು ಮಲಗಿಸಿ, ಗಂಡಾಹೆಂಡತಿ ಹತ್ತರ ಬಸ್ಸು ಹಿಡದ್ವಿ.

ಬಸ್ಸು ಕಲ್ಮಲ ಊರು ದಾಟೋ ತನಕ ಆಕಿ ಮಾತಾಡಲಿಲ್ಲ. ದಾಟಿದ ಮ್ಯಾಲ ನಿಲ್ಲಿಸಲಿಲ್ಲ.

"ಜಗತ್ತಿನಾಗ ಜಾಗಾ ಇದ್ದಿಲ್ಲೇನು? ರೊಟ್ಟಿ ಬುಟ್ಟಿನ ಬೇಕಾಗಿತ್ತೇನು?"

"ಖಾಲಿ ಇತ್ತಲ್ಲಾ! ಇಲಿ ಬರಬಾರದಂತ ಇಟ್ಟೆ."

"ನನಗ ಒಂದು ಮಾತು ಹೇಳಬಾರದೇನು? ಮೊದಲಿನ ರೊಟ್ಟಿ ಉಳದಾವ ಅಂತ ತಿಳದು ಅದರ ಮ್ಯಾಲ ನಾ ಹೊಸಾವು ಒಟ್ಟೀನಿ!"

"ಗುಟ್ಟು ಇಡಬೇಕಂತಿದ್ದೆ."

"ಗುಟ್ಟು ಈಗ ಹನ್ನೆರಡು ಮಂದಿ ಕೈಯಾಗ ಅದ! ಉಡಿ ಒಳಗಿನ ಕಾಯಿ ಬಿತ್ತಂದ್ರ ರೊಟ್ಟಿ ಪುಡಿಪುಡಿ! ರಾಯಚೂರಿನ ಗೋಪಮ್ಮ ಎಂಥಾ ಚೀಲ ಹೊಲೀತಾಳ ಅಂತ ಮಾನ್ವಿ ತಾಲೂಕು ಪೂರಾ ನಗ್ತದ. ಇನ್ನ ಆ ಮಷೀನ್ ಮಾರಿಬಿಡ್ರಿ."

"ನಾನ ಎಲ್ಲಾರ ಮುಂದ ತಪ್ಪು ಒಪ್ಪಿಕೋತೀನಿ. ಬೇಕಾದ್ರ ಕಾಲು ಹಿಡೀತೀನಿ," ಅಂದೆ. ಖರೇನ ಅಂದಿದ್ದೆ.

ಮಾನ್ವಿಯಾಗ ಇಳಿದು, ಸಿಕ್ಕ ಟ್ರ್ಯಾಕ್ಟರ್ ಹತ್ತಿ, ಧೂಳಿನಾಗ ಮಿಂದು ಹಿರೇಕೊಟ್ನೆಕಲ್ ಮುಟ್ಟಿದಾಗ ಕುಬಸ ಮುಗದಿತ್ತು. ಹಂದರದ ತೆಳಗ ಮುತ್ತೈದೇರು ಸಾಲಾಗಿ ಕುಂತಿದ್ರು. ಎಲ್ಲಾರ ತೊಡಿ ಮ್ಯಾಲ ನಮ್ಮ ಚೀಲ. ಎಲ್ಲಾ ಚೀಲದ ತಳ ಬಿಚ್ಚಿ ಜೋತಾಡಾಕತ್ತಿತ್ತು! ನಾ ಕಾಲು ಹಿಡಿಯಾಕ ತಯಾರಾದೆ. ಬಂಡೆಮ್ಮನವರು ಎರಡೂ ಕೈ ಚಾಚಿ ಗೋಪಮ್ಮನ ಕಡಿಗೆ ಓಡಿ ಬಂದ್ರು.

"ಬಾರವ್ವ ನನ್ನವ್ವ! ಏನ್ ಬುದ್ಧಿ ನಿಂದು! ಕುಬಸಕ್ಕ ಬಂದವರಿಗೆ ಬುತ್ತಿ ಕಟ್ಟಿ ಕೊಡೋದು ಎಲ್ಲಾರಿಗೂ ಗೊತ್ತದ. ಚೀಲದ ತಳದಾಗ ಬುತ್ತಿ ಹೊಲದು ಕಳಿಸಿದಾಕಿ ನೀ ಒಬ್ಬಾಕಿನ ನೋಡು! ಒಬ್ಬಾಕಿ ಚೀಲದಾಗ ಕಾಯಿ ಹಾಕಿದ್ಳು, ಕಟ್ ಅಂತು. ಏನಂತ ಬಿಚ್ಚಿ ನೋಡಿದ್ರ ರೊಟ್ಟಿ! ಅಡಿಗಿ ಇನ್ನಾ ತಡ ಇತ್ತು. ಎಲ್ಲಾರೂ ಬಿಚ್ಚಿ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದ್ರು. ಮದುವಿಗೆ ಅರವತ್ತೂ ಹಿಂಗ ಇರಲಿ ಮತ್ತ!"

ಗೋಪಮ್ಮ ಕಣ್ಣು ಪಿಳಿಪಿಳಿ ಬಿಟ್ಟಳು. ನನ್ನ ನಾಲಿಗಿ ತುದಿಗೆ 'ತಪ್ಪಾತು ಯವ್ವಾ' ಅನ್ನೋ ಮಾತು ಬಂದು ನಿಂತಿತ್ತು. ಅಲ್ಲೇ ತಿರುಗಿಬಿಡ್ತು ನೋಡ್ರಿ!

"ಅದು ನನ್ನ ವಿಚಾರ ಯವ್ವಾ!" ಅಂದೆ, ಎದಿ ಉಬ್ಬಿಸಿ. "ತಳದ ಖಾತೆ ಪೂರಾ ನಂದ! ಆ ರೊಟ್ಟಿ ಸುದ್ದಾ ನಾನ ಕೈಯಾರೆ ಮಾಡಿದ್ದು!"

ಗೋಪಮ್ಮ ನನ್ನ ಕಡಿಗೆ ಹೊಳ್ಳಿ ನೋಡಿದ್ಳು. ಆ ನೋಟಕ್ಕ ಮಿಲ್ಲಿನ ಹತ್ತಿ ಗಂಟು ಉರದು ಹೋಗಬೇಕು.

"ಹಾಂ? ನೀನ ಏನ ಮಾಡಿದಾಂವ?" ಅಂತ ಸಾಲಿನ ಕೊನಿಯಿಂದ ದನಿ ಬಂತು. ಮುತ್ತೈದೇರೊಳಗ ಎಲ್ಲಾರಕಿಂತ ಹಿರೇಕಿ ಮೂಕಮ್ಮಜ್ಜಿ. ಕೈಯಾಗ ಬೆಳ್ಳನ ದುಂಡನ ಬಿಲ್ಲಿ, ಅಂಚಿಗೆಲ್ಲಾ ಹಲ್ಲಿನ ಗುರುತು. ರೊಟ್ಟಿಗಳ ಜೋಡಿ ತಪ್ಪಿ ಚೀಲ ಸೇರಿದ್ದ ಒಂದ ಒಂದು ಸೂಗಪ್ಪ ಮಾರ್ಕ್! "ಇವರೆಲ್ಲಾ ಕುರುಂಕುರುಂ ತಿಂದು ಕೈ ತೊಳಕೊಂಡ್ರು. ನಾ ಒಂದು ತಾಸಿನಿಂದ ಕಡಿಯಾಕತ್ತೀನಿ. ಇದ್ದದ್ದು ಮೂರು ಹಲ್ಲು, ಮೂರೂ ಅಲ್ಲಾಡಾಕತ್ತಾವ! ನೀನ ಮಾಡೀಯಂದ್ರ ಹ್ಯಾಂಗ ತಿನ್ನಬೇಕು, ತಿಂದು ತೋರಸು ಬಾ."

ಖರೇ ಹೇಳಿದ್ರ ಅರವತ್ತು ಚೀಲ ಹೋಗ್ತಾವ. ಹೇಳದಿದ್ರ ತಿನ್ನಬೇಕು. ಕಾಪಾಡು ತಾಯಿ ಅಂತ ಹೆಂಡತಿ ಮಾರಿ ನೋಡಿದೆ. ಆಕಿ ಸೆರಗು ಸರಿ ಮಾಡಿಕೊಂಡು ಭಾಳ ಅಕ್ಕರತಿಲೆ, "ತಿನ್ರಿ, ಹೆಂಗಸರ ಮುಂದ ನಾಚಿಕಿ ಯಾಕ? ನೀವ ಕೈಯಾರೆ ಮಾಡಿದ್ದಲ್ಲಾ!" ಅಂದ್ಳು.

ತಿಂದೆ ನೋಡ್ರಿ! ಆಕಿ ಅರವತ್ತು ಚೀಲದ ಸಲುವಾಗಿ ತಿಂದೆ. ಹಲ್ಲಿಲೆ ಹರದು, ಚಟ್ನಿ ಹಚ್ಚಿ, ಕಣ್ಣು ಮುಚ್ಚಿ ಗಲ್ಲ ತುಂಬಾ ತುಂಬಿಕೊಂಡೆ. ಹನ್ನೆರಡು ಮಂದಿ ಮುತ್ತೈದೇರು ಕಣ್ಣು ಮಿಟುಕಿಸದ ನೋಡಾಕತ್ತಿದ್ರು.

"ಹ್ಯಾಂಗದ ರುಚಿ?" ಅಂತ ಅಜ್ಜಿ ಕೇಳಿದ್ಳು.

ನಾ ತುಟಿ ಬಿಚ್ಚಲಿಲ್ಲ.

"ಹನ್ನೊಂದು ವರ್ಷದಾಗ ಇವರು ಹಿಂಗ ಗಪ್ ಚಿಪ್ ಕುಂತದ್ದು ನಾ ನೋಡಿದ್ದಿಲ್ಲ ಬಿಡಜ್ಜಿ!" ಅಂತ ಗೋಪಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಏನ್ ಮಾಡಬೇಕ್ರಿ? ಬಾಯಿ ಬಿಟ್ಟಿದ್ರ, ಅಷ್ಟು ಮಂದಿ ಹೆಂಗಸರ ಮುಂದ ನನ್ನ ಧೋತರ ಕಳಚಿ ಬೀಳ್ತಿತ್ತು!