ಎರಡು ಕೀಲಿಕೈ ಡಬ್ಬಿ, ಇಬ್ಬರು ಷಡ್ಡಕರು

ಅನುಮಾನ ಕೆಟ್ಟದ್ದು ಎಂದು ಬಹಳ ಜನ ಹೇಳುತ್ತಾರೆ. ಹಾಗೆ ಹೇಳುವವರು ಯಾರೂ ಸಂತೆಯಲ್ಲಿ ಎತ್ತು ಕೊಂಡವರಲ್ಲ ಎಂಬುದು ನನ್ನ ಅನುಮಾನ. ಎತ್ತಿನ ಬಾಯಿ ತೆರೆಸಿ ಹಲ್ಲು ನೋಡಬೇಕು, ಮಾರುವವನ ಬಾಯಿ ಮುಚ್ಚಿಸಿ ಕಣ್ಣು ನೋಡಬೇಕು. ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಮುಗಿಸುವ ಆ ಸಂತೆಯಲ್ಲೇ ನನಗೆ ಮೀಸೆ ಬಂದದ್ದು, ಬುದ್ಧಿ ಬಂದದ್ದೂ ಅಲ್ಲೇ. ಹೀಗಾಗಿ ಯಾರಾದರೂ ಸಲಹೆ ಕೇಳಿದರೆ, ಕೇಳದಿದ್ದರೂ ಸರಿಯೆ, ನಾನು ಹೇಳುವುದು ಇಷ್ಟು: ದೇವರ ಮೇಲೆ ನಂಬಿಕೆ ಇಡಿ, ಉಳಿದದ್ದಕ್ಕೆಲ್ಲ ಕೀಲಿ ಹಾಕಿ.

ಅಣ್ಣಿಗೇರಿಯ ಹೊರಗೆ ನನ್ನದೊಂದು ಶೀತಗೃಹವಿದೆ. ನನ್ನದು ಅಂದರೆ ನನ್ನದೂ ನವಲಗುಂದದ ಗುರಪ್ಪನದೂ. ಗುರಪ್ಪ ನನ್ನ ಷಡ್ಡಕ. ನಮ್ಮಿಬ್ಬರ ಹೆಂಡಂದಿರು ಅಕ್ಕತಂಗಿಯರು. ಷಡ್ಡಕನ ಜೊತೆ ಪಾಲುದಾರಿಕೆ ಮಾಡುವವರಿಗೆ ಒಂದು ಮಾತು: ಬಾಯಿಬಿಟ್ಟು ಜಗಳಾಡುವ ಹಾಗಿಲ್ಲ. ಇಲ್ಲಿ ಮಧ್ಯಾಹ್ನ ನಾನೊಂದು ಬಿರುಸು ಮಾತಾಡಿದರೆ ಸಂಜೆಗೆ ಎರಡೂ ಮನೆಯ ಸಾರಿಗೆ ಉಪ್ಪು ಬೀಳುವುದಿಲ್ಲ. ಆದ್ದರಿಂದ ನಾವು ಮಾತಿನಲ್ಲಿ ಸಕ್ಕರೆ, ಮನಸ್ಸಿನಲ್ಲಿ ಅನುಮಾನ ಇಟ್ಟುಕೊಂಡು ಚೆನ್ನಾಗಿಯೇ ಇದ್ದೇವೆ.

ನಮ್ಮಲ್ಲಿ ಮೆಣಸಿನಕಾಯಿ, ಕಡಲೆ, ಬೀಜದ ಕಾಳು ಬಂದು ಕೂರುತ್ತವೆ. ಯಾವ ಚೀಲದ ಮೇಲೂ ಹೆಸರು ಬರೆಯುವುದಿಲ್ಲ, ಬರೀ ಒಂದು ಗುರುತಿನ ಚೀಟಿ. ಇದು ನನ್ನದೇ ಕಾನೂನು. ಯಾರ ಮಾಲು ಎಷ್ಟಿದೆ ಎಂದು ಹಮಾಲರಿಗೆ ತಿಳಿದರೆ ಪೇಟೆಗೆ ತಿಳಿಯಿತು, ಪೇಟೆಗೆ ತಿಳಿದರೆ ದರ ಬಿತ್ತು. ಯಾವ ಚೀಟಿ ಯಾರದು ಎಂಬುದನ್ನು ಶೀತಗೃಹದ ಆಫೀಸಿನಲ್ಲಿರುವ ಒಂದು ದೊಡ್ಡ ಕಂಪ್ಯೂಟರ್ ಪೆಟ್ಟಿಗೆ ಮಾತ್ರ ಬಲ್ಲದು. ಒಳಗಿನದೆಲ್ಲ ಗುಪ್ತಲಿಪಿಯಲ್ಲಿ ಇರುತ್ತದೆ. ಅದನ್ನು ಬಿಡಿಸುವ ಕೀಲಿಕೈ ಆ ಪೆಟ್ಟಿಗೆಯಲ್ಲಿ ಇರುವುದಿಲ್ಲ. ಕೀ ಸರ್ವರ್ ಎಂಬ ಬೇರೆ ಡಬ್ಬಿಗಳಲ್ಲಿ ಇರುತ್ತದೆ. ಅಂಥವು ಎರಡು: ಒಂದು ಅಣ್ಣಿಗೇರಿ ಪೇಟೆಯ ನನ್ನ ಗೊಬ್ಬರದ ಅಂಗಡಿಯಲ್ಲಿ, ಇನ್ನೊಂದು ನವಲಗುಂದದ ಗುರಪ್ಪನ ಅಂಗಡಿಯಲ್ಲಿ. ಪೆಟ್ಟಿಗೆ ಪ್ರತಿ ಸಲ ಚಾಲೂ ಆಗುವಾಗ ಇಂಟರ್ನೆಟ್ಟಿನಲ್ಲಿ ಈ ಡಬ್ಬಿಗಳನ್ನು ಕೀಲಿಕೈ ಕೇಳುತ್ತದೆ.

ನಮ್ಮ ಕಡೆ ಜಂಟಿ ಉಗ್ರಾಣಕ್ಕೆ ಜೋಡಿ ಕೀಲಿ ಹಾಕುವ ಪದ್ಧತಿ ಉಂಟು. ಇಬ್ಬರು ಪಾಲುದಾರರು, ಎರಡು ಕೀಲಿ, ಆಳಿಗೊಂದು ಕೀಲಿಕೈ. ಇಬ್ಬರೂ ಬಂದು ನಿಂತರೆ ಮಾತ್ರ ಬಾಗಿಲು. ಈ ಡಬ್ಬಿಗಳೂ ಹಾಗೇ ಎಂದುಕೊಂಡು ನಾನು ನೆಮ್ಮದಿಯಾಗಿದ್ದೆ. ಆ ನೆಮ್ಮದಿ ಕೆಡಿಸಿದವಳು ಹುಬ್ಬಳ್ಳಿಯಿಂದ ಬರುವ ಇಂಜಿನಿಯರ್ ನಂದಿನಿ. ನಮ್ಮ ಹಳೆಯ ಮ್ಯಾನೇಜರ್ ನೌಕರಿ ಬಿಟ್ಟು ಹೋಗಿದ್ದ. ಡಬ್ಬಿಗಳ ಉಸ್ತುವಾರಿ ಅವನ ಕೈಯಲ್ಲಿದ್ದುದರಿಂದ ಕೀಲಿಕೈ ಬದಲಿಸಲೇಬೇಕು ಎಂದಳು. ಮುರಿಯದ ಕೀಲಿಗೆ ಹೊಸ ಕೀಲಿಕೈ ಮಾಡಿಸು ಅನ್ನುವವರನ್ನು ಕಂಡರೆ ನಾನು ಮೊದಲು ಜೇಬು ಮುಟ್ಟಿ ನೋಡಿಕೊಳ್ಳುತ್ತೇನೆ. ಹಳೆಯದನ್ನು ಒಮ್ಮೆ ತೋರಿಸು ಎಂದೆ. ಅದು ಕಣ್ಣಿಗೆ ಕಾಣುವುದಲ್ಲ ಎಂದಳು. ಕಾಣದ್ದಕ್ಕೆ ನಾನು ರೊಕ್ಕ ಕೊಡುವುದು ಗುಡಿಯಲ್ಲಿ ಮಾತ್ರ ಎಂದೆ. ಹೋಗಲಿ, ಹಳೇ ಪಾತ್ರೆ ಕೊಟ್ಟು ಹೊಸದು ತಂದ ಹಾಗೆ ಹಳೇ ಕೀಲಿಕೈಗೆ ಎಷ್ಟು ರೊಕ್ಕ ಮುರಿದುಕೊಳ್ಳುತ್ತೀ ಎಂದು ಕೇಳಿದೆ. ಅವಳು ತಾಳ್ಮೆಯಿಂದ, ಹೊಸದು ಎರಡೂ ಡಬ್ಬಿಗಳಲ್ಲಿ ಕೂತ ಮೇಲೆ ಹಳೆಯದನ್ನು ಅಳಿಸಿಬಿಡುತ್ತೇವೆ, ಆ ಹೊತ್ತು ಎರಡೂ ಚಾಲೂ ಇರಬೇಕು ಎಂದಳು. ಆಮೇಲೆ ಹೋಗುವಾಗ ಒಂದು ಮಾತು ಸೇರಿಸಿದಳು.

“ಚಿಂತಿ ಮಾಡಬ್ಯಾಡ್ರಿ ಕಾಕಾ. ತೆಗಿಯಾಕ ಎರಡೂ ಬೇಕಾಗಂಗಿಲ್ಲ. ಯಾವುದರ ಒಂದು ಇದ್ರ ಸಾಕು.”

ಒಂದು ಇದ್ದರೆ ಸಾಕು! ಅಂದರೆ ಇಷ್ಟು ದಿನ ಗುರಪ್ಪ ನನ್ನನ್ನು ಕೇಳದೆ ಒಬ್ಬನೇ ತೆಗೆಯಬಹುದಿತ್ತು. ನಾನೂ ತೆಗೆಯಬಹುದಿತ್ತು, ಆದರೆ ಅದರಲ್ಲಿ ನನಗೆ ಅಪಾಯವೇನೂ ಕಾಣಲಿಲ್ಲ. ಹೊಸ ಕೀಲಿಕೈ ಹುಟ್ಟುವ ಹೊತ್ತಿಗೆ ಅವನ ಡಬ್ಬಿ ಮಲಗಿದ್ದರೆ ಅದು ನನ್ನಲ್ಲಿ ಮಾತ್ರ ಉಳಿಯುತ್ತದೆ ಎಂದು ಲೆಕ್ಕ ಹಾಕಿದೆ. ಅದೇ ವಾರ ನವಲಗುಂದದಲ್ಲಿ ಒಂದು ತೊಟ್ಟಿಲ ಕಾರ್ಯವಿತ್ತು. ಊಟ ಮುಗಿಸಿ ಗುರಪ್ಪನ ಅಂಗಡಿಗೆ ಹೋದೆ, ಎಲೆ ಅಡಿಕೆ ಹಾಕಿಕೊಂಡೆ, ಮಳೆಯ ಬಗ್ಗೆ ಮಾತಾಡಿದೆ. ಅವನು ಗಿರಾಕಿಗೆ ಹಗ್ಗ ಅಳೆಯಲು ತಿರುಗಿದಾಗ ಕೈ ಹಿಂದೆ ಚಾಚಿ ಡಬ್ಬಿಯ ಬಟನ್ ಆರಿಸಿದೆ. ಸಂತೆಯಲ್ಲಿ ಪಳಗಿದ ಬೆರಳು, ಸಪ್ಪಳವಾಗಲಿಲ್ಲ.

ಕೀಲಿಕೈ ಬದಲಿಸುವ ದಿನ ಬೆಳಿಗ್ಗೆ ನಂದಿನಿ ಶೀತಗೃಹಕ್ಕೆ ಬಂದು ಕೂರುವಷ್ಟರಲ್ಲಿ ಕರೆಂಟ್ ಹೋಯಿತು. ನಾನೇ ಚೌಕಾಸಿ ಮಾಡಿ ತಂದ ಹಳೇ ಬ್ಯಾಟರಿ ಒಂದು ಸಲ ತೇಗಿ ಸುಮ್ಮನಾಯಿತು. ಕರೆಂಟ್ ಬಂದ ಮೇಲೆ ದೊಡ್ಡ ಪೆಟ್ಟಿಗೆ ಕೀಲಿಕೈ ಕೇಳಿತು. ಕೊಡುವವರು ಯಾರೂ ಇಲ್ಲ. ಯಾವ ಚೀಲ ಯಾರದು ಎಂಬುದು ಲೋಕದಲ್ಲಿ ಯಾರಿಗೂ ಗೊತ್ತಿಲ್ಲದ ಸ್ಥಿತಿ.

ಸರಿಯಾಗಿ ಆಗಲೇ ಮೊರಬದ ನೀಲವ್ವ ಬಾಡಿಗೆ ಟ್ರ್ಯಾಕ್ಟರ್ ತಂದು ಗೇಟಿನಲ್ಲಿ ನಿಲ್ಲಿಸಿದಳು. ನಮ್ಮಲ್ಲಿ ಬಿತ್ತನೆಗೆಂದು ಜವಾರಿ ತಳಿಯ ಕಡಲೆ ಇಟ್ಟಿದ್ದಳು. ಕಾಳು ಕಾಳು ಕೈಯಲ್ಲಿ ಆರಿಸಿದ್ದು. ಮಳೆ ಬಿದ್ದು ಹೊಲ ಹದಕ್ಕೆ ಬಂದಿದೆ, ಬಿಸಿಲು ಏರಿದೆ, ಇನ್ನು ತಡವಾದರೆ ಎರೆಮಣ್ಣು ಆರಿ ಹೋಗುತ್ತದೆ, ಬಿತ್ತುವ ಕೂರಿಗೆ ಹೂಡಿ ಬಂದಿದ್ದೇನೆ ಎಂದಳು. ಅಷ್ಟೇ ತೂಕದ ಬೇರೆ ಕಡಲೆ ಒಯ್ಯಿ ಎಂದು ನಾನು ದೊಡ್ಡ ಮನಸ್ಸು ಮಾಡಿದೆ. ಆಕೆ ನನ್ನನ್ನು ಮುಪ್ಪಿನ ಎತ್ತಿಗೆ ಬಣ್ಣ ಬಳಿದು ಮಾರಲು ಬಂದವನನ್ನು ನೋಡಿದಂತೆ ನೋಡಿದಳು.

“ಮಂದಿ ಬೀಜ ನನ್ನ ಹೊಲಕ್ಕ ಬ್ಯಾಡ್ರಿ. ನಂದು ನನಗ ಕೊಡ್ರಿ.”

ನಂದಿನಿ ಇಬ್ಬರ ಡಬ್ಬಿಯೂ ಚಾಲೂ ಇದೆಯೇ ಎಂದು ಕೇಳಿದಳು. ನನ್ನದಂತೂ ಇದೆ ಎಂದು ಎದೆ ತಟ್ಟಿ ಹೇಳಿದೆ; ನಿಜವಾಗಿ ಹಾಗೇ ನಂಬಿದ್ದೆ. ಫೋನಿನಲ್ಲಿ ಗುರಪ್ಪನೂ ತನ್ನದಂತೂ ಇದೆ ಎಂದ. ಅವನ ದನಿಯಲ್ಲೂ ಅದೇ ಧೈರ್ಯ. ಎರಡೂ ಇದ್ದರೆ ಒಂದಾದರೂ ಮಾತಾಡಬೇಕಲ್ಲ, ಇಬ್ಬರೂ ಹೋಗಿ ಕಣ್ಣಾರೆ ನೋಡಿ ಎಂದು ಅವಳು ನಮ್ಮನ್ನು ಅಟ್ಟಿದಳು. ನಾನು ಸ್ಕೂಟರ್ ಹತ್ತಿದರೆ ನೀಲವ್ವ, ಸಾಹುಕಾರರು ಹೋದವರು ಬರುತ್ತಾರೋ ಇಲ್ಲವೋ ಎಂದು ಹಿಂದೆ ಕೂತಳು. ಅನುಮಾನದಲ್ಲಿ ನನಗೊಬ್ಬ ಜೊತೆಗಾರ್ತಿ ಸಿಕ್ಕಿದ್ದು ಹಾಗೆ.

ಅಂಗಡಿಯಲ್ಲಿ ಗೊಬ್ಬರದ ಚೀಲ ಸರಿಸಿ ನೋಡಿದರೆ ನನ್ನ ಡಬ್ಬಿ ಆರಿತ್ತು. ಬಟನ್ ಯಾರೋ ಆರಿಸಿದ್ದರು. ಹಿಂದಿನ ಸಂಜೆ ಗುರಪ್ಪ ಬಂದು, ಹೀಗೇ ಹಾದು ಹೊರಟಿದ್ದೆ ಎಂದು ಇದೇ ಚೀಲದ ಮೇಲೆ ಕೂತಿದ್ದ. ನಾನು ಚಾ ಹೇಳಲು ಹೊರಗೆ ಹೋಗಿದ್ದೆ. ಇಷ್ಟು ನೆನಪಾಗುವುದಕ್ಕೂ ಅವನ ಫೋನ್ ಬರುವುದಕ್ಕೂ ಸರಿಹೋಯಿತು. ನನ್ನ ಫೋನಿನ ದನಿ ದೊಡ್ಡದು, ನೀಲವ್ವನಿಗೂ ಎಲ್ಲ ಕೇಳಿಸಿತು.

“ಲೇ, ಮೊನ್ನೆ ನಮ್ಮ ಅಂಗಡ್ಯಾಗ ನೀ ಎಲ್ಲಿ ಕುಂತಿದ್ದಿ?”

“ನಿನ್ನೆ ನಮ್ಮ ಅಂಗಡ್ಯಾಗ ನೀ ಕುಂತಿದ್ದೆಲ್ಲಾ, ಹಂಗ.”

ನಂದಿನಿಯ ಮಾತು ಅವನಿಗೂ ಮುಟ್ಟಿತ್ತು, ಅವನೂ ನನ್ನದೇ ಲೆಕ್ಕ ಹಾಕಿದ್ದ. ಈಗ ಯಾರು ಬೈದರೂ ಇಬ್ಬರೂ ಸಿಕ್ಕಿಬೀಳುವ ಹಾಗಿತ್ತು.

“ಮೊದ್ಲ ಬಟನ್ ಒತ್ರಿ,” ಎಂದಳು ನೀಲವ್ವ. “ಬಿತ್ತಿಗಿ ಮುಗದ ಮ್ಯಾಲ ಜಗಳಾಡೂರಂತ.”

ಒತ್ತಿದೆ. ಸ್ವಲ್ಪ ಹೊತ್ತಿಗೆ ಪೆಟ್ಟಿಗೆ ತೆರೆಯಿತೆಂದು ನಂದಿನಿ ಫೋನ್ ಮಾಡಿದಳು. ನಾವು ಶೀತಗೃಹಕ್ಕೆ ಮರಳಿದ ಮೇಲೆ ನೀಲವ್ವನ ಕಡಲೆಯ ಚೀಲಗಳು ಹೊರಗೆ ಬಂದವು. ಆಕೆ ಒಂದೊಂದರ ಬಾಯಿ ಬಿಚ್ಚಿ, ಕಾಳು ಕಡಿದು ನೋಡಿ, ಆಮೇಲೆ ಹೇರಿಸಿದಳು. ಇಂಥವರನ್ನು ಕಂಡರೆ ನನಗೆ ಗೌರವ.

ನಂದಿನಿ ಮಾತ್ರ ಹೊಸ ಕೀಲಿಕೈ ಮಾಡಲು ಒಪ್ಪಲಿಲ್ಲ. ನೀವಿಬ್ಬರೂ ಮುಟ್ಟಲಾಗದ ಜಾಗದಲ್ಲಿ ಮೂರನೆಯ ಡಬ್ಬಿ ಇಟ್ಟರೆ ಮಾತ್ರ ಸೈ ಎಂದಳು. ಯಾರ ಮನೆಯಲ್ಲಿ ಎಂದು ಯೋಚಿಸಿದೆವು. ಗುರಪ್ಪ ಹೇಳಿದವರು ನನಗೆ ಒಪ್ಪಿಗೆಯಾಗಲಿಲ್ಲ, ನಾನು ಹೇಳಿದವರು ಅವನಿಗೆ. ಕೊನೆಗೆ ಇಬ್ಬರೂ ಒಟ್ಟಿಗೇ ನೀಲವ್ವನ ಹೆಸರು ಹೇಳಿದೆವು. ಮಗಳ ಓದಿಗೆಂದು ಆಕೆಯ ಮನೆಯಲ್ಲಿ ಇಂಟರ್ನೆಟ್ಟೂ ಇತ್ತು. ಓದುಗರಿಗೆ ಪುಕ್ಕಟೆ ಸಲಹೆ: ಕೀಲಿಕೈ ಇಡಲು ನಿಮ್ಮನ್ನು ನಂಬುವವರನ್ನು ಹುಡುಕಬೇಡಿ, ಇಬ್ಬರನ್ನೂ ಸಮನಾಗಿ ನಂಬದವರನ್ನು ಹುಡುಕಿ. ಆಕೆ ಒಪ್ಪಿದಳು, ಒಂದು ಷರತ್ತಿನ ಮೇಲೆ.

“ಒಬ್ಬೊಬ್ಬರ ಬರಬ್ಯಾಡ್ರಿ. ಬಂದ್ರ ಇಬ್ಬರೂ ಕೂಡೇ ಬರ್ರಿ.”

ಕೀಲಿಕೈ ಬದಲಾಯಿತು, ಮೂರೂ ಡಬ್ಬಿಗಳಲ್ಲಿ ಕೂತಿತು. ಮೊನ್ನೆ ಮೊರಬದ ಮೇಲೆ ಹಾಯ್ದು ಹೋಗುವಾಗ, ಡಬ್ಬಿಯ ಮೇಲೆ ಧೂಳೇನಾದರೂ ಕೂತಿದೆಯೋ ಎಂಬ ಕಾಳಜಿಯಿಂದ, ಅದೊಂದೇ ಕಾಳಜಿಯಿಂದ, ನೀಲವ್ವನ ಮನೆ ಮುಂದೆ ಸ್ಕೂಟರ್ ನಿಲ್ಲಿಸಿದೆ. ಕಟ್ಟೆಯ ಮೇಲೆ ಗುರಪ್ಪ ಕೂತಿದ್ದ. ಕದ ಹಾಕಿತ್ತು. ಎಷ್ಟು ಹೊತ್ತಾಯಿತು ಬಂದು ಎಂದು ಕೇಳಿದರೆ ಪಕ್ಕಕ್ಕೆ ಸರಿದು ನನಗೂ ಜಾಗ ಮಾಡಿ, ಒಳಗೆ ಕೇಳುವಂತೆ ಕೂಗಿದ:

“ಯಕ್ಕಾ, ಇನ್ನೊಬ್ಬನೂ ಬಂದ. ಈಗರ ಚಾ ಕೊಡು.”