ಹಾರ ಹಾಕಿದ ಮಾತು

ಬಹಳ ಹಿಂದೆ, ಅಂದರೆ ಬೈದವರೂ ಬೈಸಿಕೊಂಡವರೂ ಸಂಜೆಗೆ ಒಂದೇ ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಹಂಚಿಕೊಳ್ಳುತ್ತಿದ್ದ ಕಾಲದಲ್ಲಿ, ಗುಬ್ಬಚ್ಚಿದುರ್ಗ ಅನ್ನುವ ಒಂದು ರಾಜ್ಯವಿತ್ತು. ಅದನ್ನು ಆಳುತ್ತಿದ್ದವನು ಶ್ರೀಮನ್ಮಹಾರಾಜ ಮೃದುಕರ್ಣ. ಅವನ ಕಿವಿ ಎಷ್ಟು ಮೃದುವೆಂದರೆ, ಯಾರಾದರೂ "ಈ ಸಲ ಮಳೆ ಬರಲಿಲ್ಲ" ಎಂದರೂ ಅದು ತನ್ನ ಮೇಲಿನ ಟೀಕೆಯೆಂದು ಎರಡು ದಿನ ಊಟ ಬಿಡುತ್ತಿದ್ದ. ಮೂರನೆಯ ದಿನ ಬಿಟ್ಟದ್ದನ್ನೂ ಸೇರಿಸಿ ಉಣ್ಣುತ್ತಿದ್ದ.

ಆ ಊರಿನ ಹೊಳೆದಂಡೆಯಲ್ಲಿ ಕೌದಿಯವರ ಓಣಿ ಇತ್ತು. ಹಳೆ ಸೀರೆಗಳನ್ನು ಒಂದರ ಮೇಲೊಂದು ಇಟ್ಟು ಹೊದಿಕೆ ಹೊಲಿಯುವುದು ಅವರ ಕಸುಬು. ಅವರ ಮುತ್ತಜ್ಜಂದಿರು ಹೊಳೆಯಾಚೆಯಿಂದ ಬಂದವರು. ಬೇಸಿಗೆಯಲ್ಲಿ ಆ ಹೊಳೆಯನ್ನು ಆಡುಮರಿಯೂ ದಾಟುತ್ತಿತ್ತು. ಆದರೂ ಆಚೆ ಅಂದರೆ ಆಚೆಯೇ.

ಒಂದು ದಿನ ಆಸ್ಥಾನದ ಭಾಷಣಕಾರ ಸಿಡಿಲಕಂಠ ಚೌಕದಲ್ಲಿ ವೇದಿಕೆ ಹತ್ತಿದ.

"ಬಂಧುಗಳೇ, ಹೊಳೆಯಾಚೆಯವರ ಕೌದಿ ಹೊದ್ದು ಮಲಗಿದವರು ಬೆಳಿಗ್ಗೆ ಏಳುವಾಗ ಅವರ ರಾಜಭಕ್ತಿ ಕಾಲು ಭಾಗ ಕಡಿಮೆಯಾಗಿರುತ್ತದೆ. ಇದು ನಾನು ಹೇಳುತ್ತಿರುವುದಲ್ಲ, ಅಂಕಿಅಂಶ ಹೇಳುತ್ತಿದೆ."

ಅಂಕಿಅಂಶ ಎಲ್ಲಿದೆ ಎಂದು ಯಾರೂ ಕೇಳಲಿಲ್ಲ. ಕೇಳಲು ಪುರುಸೊತ್ತಿರಲಿಲ್ಲ, ಜನ ಆಗಲೇ ಸೀಮೆಎಣ್ಣೆ ಹುಡುಕುತ್ತಿದ್ದರು. ಸಂಜೆಯೊಳಗೆ ಓಣಿಯ ಹನ್ನೊಂದು ಗುಡಿಸಲು ಬೂದಿಯಾದವು. ಆ ಗದ್ದಲದಲ್ಲಿ ಫಕೀರವ್ವ ಎಂಬ ಮುದುಕಿಯ ಎರಡು ಕರೆಯುವ ಆಡುಗಳನ್ನು ಯಾರೋ ಹೊಡೆದುಕೊಂಡು ಹೋದರು. ಅವಳ ಮಗಳು ಹಡೆದು ಹದಿನಾರು ದಿನವಾಗಿತ್ತು. ಬೆಂಕಿಯ ಗಾಬರಿಗೆ ಬಾಣಂತಿಯ ಎದೆಹಾಲು ಬತ್ತಿತ್ತು. ಕೂಸಿಗೆ ಆ ಆಡುಗಳ ಹಾಲೇ ಗತಿ.

ಸುದ್ದಿ ಕೇಳಿ ಪಕ್ಕದ ರಾಜ್ಯದವರು ನಕ್ಕರು. ನಗು ಮಹಾರಾಜನ ಕಿವಿಗೆ ಬಿತ್ತು. ತಕ್ಷಣ ಮಂತ್ರಿ ವಿನಯಶೂರನಿಗೆ ಕರೆ ಹೋಯಿತು.

"ದ್ವೇಷದ ಮಾತಿಗೆ ಕಡಿವಾಣ ಹಾಕಿ."

"ಹಾಕೋಣ ಪ್ರಭು. ಆದರೆ ವಾಕ್ ಸ್ವಾತಂತ್ರ್ಯಕ್ಕೂ ಧಕ್ಕೆ ಬರಬಾರದು."

"ಎರಡೂ ಹೇಗೆ ಆಗುತ್ತದೆ?"

"ಅದಕ್ಕೇ ಅಲ್ಲವೇ ಪ್ರಭು ಸಮಿತಿ ಮಾಡುವುದು."

ಸಮಿತಿಗೆ ಸಿಡಿಲಕಂಠನೇ ಅಧ್ಯಕ್ಷನಾದ. ದ್ವೇಷದ ವಿಷಯದಲ್ಲಿ ಇಷ್ಟು ಅನುಭವ ಇದ್ದವರು ಬೇರೆ ಯಾರೂ ಅರ್ಜಿ ಹಾಕಿರಲಿಲ್ಲ. ಒಂದೇ ವಾರದಲ್ಲಿ ಹದಿನೈದು ಸಭೆ, ಎರಡು ಅಧ್ಯಯನ ಪ್ರವಾಸ ಮುಗಿದು ಕಾನೂನು ಹೊರಬಿತ್ತು. ವೇದಿಕೆ, ಹಾರ, ಸ್ವಾಗತ, ಅಧ್ಯಕ್ಷತೆ ಮತ್ತು ವಂದನಾರ್ಪಣೆ ಸಹಿತ ಆಡಿದ ಮಾತು ಅಭಿಪ್ರಾಯ. ಇವು ಯಾವುವೂ ಇಲ್ಲದೆ ಬರಿ ಬಾಯಲ್ಲಿ ಆಡಿದ್ದು ದ್ವೇಷ. ಆದರೂ ಯಾರದಾದರೂ ಅಭಿಪ್ರಾಯದಿಂದ ಮನಸ್ಸು ನೊಂದರೆ, ನೊಂದವರು ಖುದ್ದಾಗಿ ಬಂದು ದೂರು ಕೊಡತಕ್ಕದ್ದು.

ಕೌದಿಯವರು ಸಿಡಿಲಕಂಠನ ಮೇಲೆ ದೂರು ಕೊಡಲು ಹೋದರು. ಗುಮಾಸ್ತ ಮನೆ ವಿಳಾಸದ ಪುರಾವೆ ಕೇಳಿದ. ಮನೆ ಸುಟ್ಟಿದೆ ಎಂದರು. ಹಾಗಾದರೆ ಮನೆ ಕಟ್ಟಿಸಿಕೊಂಡು ಬನ್ನಿ ಎಂದ.

ಫಕೀರವ್ವ ಆ ಸಾಲಿನಲ್ಲಿ ನಿಲ್ಲಲಿಲ್ಲ. ಅವಳಿಗೆ ಬೇಕಾದದ್ದು ನ್ಯಾಯವಲ್ಲ, ಆಡು. ಆಡು ಕೋಳಿ ಕಳೆದರೆ ಹುಡುಕುವುದಕ್ಕೆ ಆ ಸೀಮೆಯಲ್ಲಿ ಹಳೆಯದೊಂದು ಪದ್ಧತಿ ಇತ್ತು. ಕಳೆದುಕೊಂಡವಳು ಮೂರು ಮುಂಜಾನೆ ನಾಲ್ಕು ದಾರಿ ಕೂಡುವಲ್ಲಿ ನಿಂತು, ಹೆಸರು ಹೇಳದೆ, ಕದ್ದವನಿಗೆ ಶಾಪ ಹಾಕಬೇಕು. ಕದ್ದವನು ಎಲ್ಲಿದ್ದರೂ ಅವನ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ಮೂರನೆಯ ಸಂಜೆಯೊಳಗೆ ಪ್ರಾಣಿಯನ್ನು ತಾನೇ ಬಿಟ್ಟು ಕಳಿಸುತ್ತಾನೆ. ಠಾಣೆಯಲ್ಲಿ ಬರೆಸಿದ ಮಾಲು ಸಿಕ್ಕಿದ್ದನ್ನು ಆ ರಾಜ್ಯದಲ್ಲಿ ಯಾರೂ ನೋಡಿರಲಿಲ್ಲ. ಶಾಪ ಹಾಕಿದ ಮಾಲು ಸಿಗದೆ ಹೋದದ್ದನ್ನೂ ಯಾರೂ ನೋಡಿರಲಿಲ್ಲ.

ಮೊದಲ ಮುಂಜಾನೆ ಅವಳು ಸೆರಗು ಬಿಗಿದು ಬಾಯಿ ತೆರೆಯುವಷ್ಟರಲ್ಲಿ ಹವಾಲ್ದಾರ ಯಮನಪ್ಪ ಬಂದ.

"ಯವ್ವಾ, ತಡಿ ಸ್ವಲ್ಪ. ನಿನ್ನ ಹಂತೇಕ ಹಾರ ಐತೇನು?"

"ಹಾರ ಯಾಕೋ ತಮ್ಮಾ? ನಾ ಏನು ಮದಿವಿ ಆಗಾಕ ಬಂದೇನೇನು ಇಲ್ಲಿ?"

"ಹಾರ ಇಲ್ಲದ ಬೈದ್ರ ಅದು ದ್ವೇಷ ಆಗ್ತೈತಿ. ಹಾರ ಹಾಕ್ಕೊಂಡು ಬೈದ್ರ ಅಭಿಪ್ರಾಯ. ನಂಗೂ ತಿಳಿದಿಲ್ಲ ಬಿಡು, ಸುತ್ತೋಲಿಯೊಳಗ ಹಂಗ ಬರದಾರ."

"ಮತ್ತ ನನ್ನ ಆಡು?"

"ಆಡಿನ ಬಗ್ಗೆ ಇನ್ನೂ ಸುತ್ತೋಲಿ ಬಂದಿಲ್ಲ."

ಫಕೀರವ್ವ ಮನೆಯಿದ್ದ ಜಾಗಕ್ಕೆ ವಾಪಸು ಬಂದಳು. ಕೂಸು ಅಳುತ್ತಿತ್ತು. ಅದರ ಬಾಯಿಗೆ ಸಕ್ಕರೆ ನೀರಿನ ಬಟ್ಟೆ ಇಟ್ಟು, ನೆರೆಯ ಸಾವಂತ್ರವ್ವನನ್ನು ಕರೆದಳು.

"ಏ ಸಾವಂತ್ರಿ, ಸ್ವಾಗತ ಮಾಡಾಕ ಬರ್ತೈತೇನು ನಿಂಗ?"

"ಬೀಗರಿಗೆ ಮಾಡೇನಿ. ಅವರೇನು ತಿರುಗಿ ಬಂದಿಲ್ಲ."

ಎರಡನೆಯ ಮುಂಜಾನೆ ದಾರಿ ಕೂಡುವಲ್ಲಿ ಒಂದು ನೀರಿನ ಬಾನಿ ಬೋರಲು ಬಿತ್ತು. ಅದು ವೇದಿಕೆ. ಹೂವಿಗೆ ಗತಿಯಿಲ್ಲದೆ ಕೌದಿಯ ಚಿಂದಿಗಳನ್ನೇ ಪೋಣಿಸಿ ಹಾರ ಮಾಡಿದ್ದರು. ಅಧ್ಯಕ್ಷತೆಗೆ ಓಣಿಯ ಹುಚ್ಚೀರಪ್ಪಜ್ಜನನ್ನು ಕೂರಿಸಿದರು. ಅವನಿಗೆ ಎರಡೂ ಕಿವಿ ಕೇಳುತ್ತಿರಲಿಲ್ಲ, ಆದ್ದರಿಂದ ಅಧ್ಯಕ್ಷನಿಗೆ ಬೇಕಾದ ಗಾಂಭೀರ್ಯ ತಾನಾಗಿ ಬಂದಿತ್ತು. ಸಾವಂತ್ರವ್ವ ಸ್ವಾಗತ ಕೋರಿದಳು. ಯಮನಪ್ಪ ಸುತ್ತೋಲೆ ತೆಗೆದು ಒಂದೊಂದಾಗಿ ತಾಳೆ ನೋಡಿ, ಎಲ್ಲ ಸರಿ ಇದ್ದದ್ದರಿಂದ ಸೆಲ್ಯೂಟ್ ಹೊಡೆದು ಬದಿಗೆ ನಿಂತ.

ಫಕೀರವ್ವ ಹಾರ ಸರಿಮಾಡಿಕೊಂಡಳು.

"ಮಾನ್ಯ ಅಧ್ಯಕ್ಷರ, ನನ್ನ ಆಡು ಹೊಡಕೊಂಡು ಹೋದಾವನ ಗಂಟಲಾಗ ತುತ್ತು ನಿಂದ್ರಲಿ. ಕುಡದ ಹಾಲು ಮೂಗಿನಾಗ ಬರಲಿ. ಅವ ಮಲಗಿದ್ರ ತಿಗಣಿ ಏಳಲಿ, ಅವ ಎದ್ರ ಬೆನ್ನಾಗ ಹಿಡಕೊಳ್ಳಲಿ. ಅವನ ನಾಲಿಗಿಗೆ ಹುಣ್ಣಾಗಲಿ, ಹುಣ್ಣಿಗೆ ಮೆಣಸಿನಕಾಯಿ ಸಿಗಲಿ. ಇಷ್ಟು ಹೇಳಿ ನನ್ನ ಎರಡು ಮಾತು ಮುಗಸ್ತೇನಿ."

ಜನ ಚಪ್ಪಾಳೆ ಹೊಡೆದರು. ಸಾವಂತ್ರವ್ವ ಬಂದವರಿಗೆಲ್ಲ ವಂದನೆ ಹೇಳಿ, "ಕಳ್ಳ ಇಲ್ಲೇ ಎಲ್ಲ್ಯಾರ ಕುಂತಿದ್ರ ಅವಂಗೂ ವಂದನೆ" ಎಂದಳು.

ಅದೇ ಹೊತ್ತಿಗೆ ಅರಮನೆಯಲ್ಲಿ ಮೃದುಕರ್ಣನಿಗೆ ಕುಡಿಯುತ್ತಿದ್ದ ಹಾಲು ಮೂಗಿನಲ್ಲಿ ಬಂತು.

ಅದು ಆಡಿನ ಹಾಲು. ಹಿಂದಿನ ವಾರ ಸಿಡಿಲಕಂಠ "ಪ್ರಜೆಗಳು ಸ್ವಯಂಪ್ರೇರಿತರಾಗಿ ಅರ್ಪಿಸಿದ್ದು" ಎಂದು ಎರಡು ಆಡುಗಳನ್ನು ಅರಮನೆಗೆ ತಂದು ಕಟ್ಟಿದ್ದ. ಮಹಾರಾಜನಿಗೆ ಅದರ ರುಚಿ ಹತ್ತಿತ್ತು. ಮುದುಕಿಯ ಮಾತೂ ಜನರ ಚಪ್ಪಾಳೆಯೂ ಅವನ ಮೃದು ಕಿವಿಗೆ ಆಗಲೇ ಬಿದ್ದಿದ್ದವು.

"ಆ ಮುದುಕಿ ಯಾರನ್ನು ಬೈಯುತ್ತಿದ್ದಾಳೆ?"

"ಆಡುಗಳ್ಳನನ್ನು, ಪ್ರಭು," ಎಂದ ವಿನಯಶೂರ.

"ಹಾಗಾದರೆ ನನ್ನ ಮನಸ್ಸು ಯಾಕೆ ನೋಯುತ್ತಿದೆ?"

ಸಿಡಿಲಕಂಠ ತನ್ನ ಕಾಲಿನ ಹೆಬ್ಬೆರಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

"ನಾನು ದೂರು ಕೊಡುತ್ತೇನೆ," ಎಂದ ಮಹಾರಾಜ.

"ಕೊಡಬಹುದು ಪ್ರಭು. ಆದರೆ ಆಡುಗಳ್ಳನನ್ನು ಬೈದರೆ ನೊಂದವರು ಯಾರು ಎಂದು ಜನ ಲೆಕ್ಕ ಹಾಕುತ್ತಾರೆ. ಅವಿದ್ಯಾವಂತರು, ಅವರಿಗೆ ಬೇರೆ ಲೆಕ್ಕ ಬರುವುದಿಲ್ಲ."

"ಹಾಗಾದರೆ ನೀನು ನೊಂದುಕೋ."

"ನನಗೆ ಎರಡು ಹೆಣ್ಣುಮಕ್ಕಳ ಮದುವೆ ಬಾಕಿ ಇದೆ, ಪ್ರಭು."

"ಆಡುಗಳನ್ನು ಬಿಟ್ಟುಬಿಡಲೇ?"

ಈ ಮಾತಿಗೆ ಇಡೀ ಆಸ್ಥಾನ ಬೆಚ್ಚಿತು. ಹೀಗೆ ಒಬ್ಬ ಮುದುಕಿಗೆ ವಾಪಸು ಕೊಟ್ಟರೆ ನಾಳೆ ಎಲ್ಲರೂ ಎಲ್ಲವನ್ನೂ ವಾಪಸು ಕೇಳುತ್ತಾರೆ. ಕಡೆಗೆ ಸಿಡಿಲಕಂಠ ಹೆಬ್ಬೆರಳಿನಿಂದ ಕಣ್ಣೆತ್ತಿದ.

"ಪ್ರಭು, ಒಬ್ಬ ನೊಂದರೆ ಅವನು ಕಳ್ಳ. ಇಡೀ ರಾಜ್ಯ ನೊಂದರೆ ಅದು ಜನರ ಭಾವನೆ."

ಮಧ್ಯಾಹ್ನ ಡಂಗುರ ಸಾರಿದರು. ಸೂರ್ಯ ಮುಳುಗುವುದರೊಳಗೆ ಸಮಸ್ತ ಪ್ರಜೆಗಳೂ ಫಕೀರವ್ವನ ಮಾತಿನಿಂದ ಮನಸ್ಸು ನೊಂದುಕೊಂಡು ದೂರು ಕೊಡತಕ್ಕದ್ದು. ನೋಯದವರ ಪಡಿ ಚೀಟಿ ರದ್ದು. ಚಾವಡಿಯ ಮುಂದೆ ಟೋಕನ್ ಹಂಚಿದರು. ಸಾಲು ಹೊಳೆಯವರೆಗೆ ಬೆಳೆಯಿತು.

"ಎಲ್ಲಿ ನೋವಾತು?" ಗುಮಾಸ್ತ ಕೇಳುತ್ತಿದ್ದ.

"ಮಣಕಾಲಾಗ್ರಿ."

"ಮಣಕಾಲು ನಡಿಯಂಗಿಲ್ಲ. ಮನಸ್ಸು ಅಂತ ಬರಕೋತೇನಿ."

"ಬರಕೋರಿ. ಮಣಕಾಲಿಗೆ ಯಾವಾಗ ಬರೂಣು?"

ಹುಚ್ಚೀರಪ್ಪಜ್ಜ ತಾನು ಅಧ್ಯಕ್ಷತೆ ವಹಿಸಿದ್ದ ಸಭೆಯಿಂದ ತನಗೆ ತೀವ್ರ ನೋವಾಗಿದೆ ಎಂದು ಹೆಬ್ಬೆಟ್ಟು ಒತ್ತಿದ. ಏನು ಒತ್ತಿದೆ ಎಂದು ಮನೆಗೆ ಹೋದ ಮೇಲೆ ಕೇಳಿದ. ಸಾವಂತ್ರವ್ವ ಬರುವಾಗ ಮುಖಕ್ಕೆ ಸೆರಗು ಮುಚ್ಚಿಕೊಂಡಿದ್ದಳು.

ಕಡೆಗೆ ಫಕೀರವ್ವನ ಸರದಿ. ಸಮಸ್ತ ಪ್ರಜೆಗಳು ಎಂದರೆ ಅವಳೂ ಬಂದಳು.

"ನಂಗೂ ನೋವಾಗೈತಿ," ಎಂದಳು. "ಖರೇನ ಆಗೈತಿ. ಆಡು ನಂದು."

"ಕಾರಣ ಬರಿಯಾಕ ಜಾಗ ಇಲ್ಲಬೇ. ಹೆಬ್ಬಟ್ಟು ಒತ್ತು."

"ನನ್ನ ಮ್ಯಾಲ ನಾನ ದೂರು ಕೊಡ್ಲ್ಯಾ?"

ಯಮನಪ್ಪ ಹತ್ತಿರ ಬಂದು ದನಿ ತಗ್ಗಿಸಿದ. "ಒತ್ತಬಿಡು ಯವ್ವಾ. ಇಲ್ಲಾಂದ್ರ ಬಾಣಂತಿ ಪಡಿ ಹೋಗ್ತೈತಿ. ಒಂದು ಕೂಸಿದ್ದ ಮನಿ."

ಅವಳು ಒತ್ತಿದಳು. ಕೌದಿ ಹೊಲಿದು ಹೊಲಿದು ಅವಳ ಹೆಬ್ಬೆರಳಲ್ಲಿ ಗೆರೆಯೇ ಉಳಿದಿರಲಿಲ್ಲ. ಕಾಗದದ ಮೇಲೆ ಬರೀ ಒಂದು ಕಪ್ಪು ಚುಕ್ಕೆ ಬಿತ್ತು. ಗುಮಾಸ್ತ ಅದನ್ನೇ ಒಪ್ಪಿಕೊಂಡ.

ವಿಚಾರಣೆ ಆ ರಾತ್ರಿಯೇ ಮುಗಿಯಿತು. ಆರೋಪಿಯೇ ತನ್ನ ವಿರುದ್ಧ ದೂರು ಕೊಟ್ಟಿರುವಂಥ ಗಟ್ಟಿ ಮೊಕದ್ದಮೆಯನ್ನು ತಾವು ಕಂಡಿಲ್ಲ ಎಂದು ನ್ಯಾಯಾಧೀಶರು ಮೆಚ್ಚಿಕೊಂಡರು. ಫಕೀರವ್ವನಿಗೆ ಮೂರು ವರ್ಷ ಮೃದುಮಾತಿನ ಶಿಕ್ಷೆಯಾಯಿತು, ಅಂದರೆ ಬಾಯಿ ತೆರೆದರೆ ಒಳ್ಳೆಯದನ್ನೇ ಮೆತ್ತಗೆ ಆಡತಕ್ಕದ್ದು. ಮೂರನೆಯ ಮುಂಜಾನೆ ದಾರಿ ಕೂಡುವಲ್ಲಿ ಯಾರೂ ನಿಲ್ಲಲಿಲ್ಲ. ಮಹಾರಾಜ ಎರಡು ಲೋಟ ಹಾಲು ಕುಡಿದ, ಒಂದು ಹನಿಯೂ ದಾರಿ ತಪ್ಪಲಿಲ್ಲ. ಅದೇ ದಿನ ದರ್ಬಾರಿನಲ್ಲಿ ಸಿಡಿಲಕಂಠನಿಗೆ ಶಾಲು ಹೊದಿಸಿ, ಹೊಸದಾಗಿ ಹುಟ್ಟಿದ ಸವಿನುಡಿ ಖಾತೆಗೆ ಮಂತ್ರಿ ಮಾಡಿದರು.

ಶಾಪ ನಿಂತಿತು ಎಂಬ ಸುದ್ದಿ ಕಳ್ಳರಿಗಿಂತ ಮೊದಲು ಅಧಿಕಾರಿಗಳಿಗೆ ಮುಟ್ಟಿತು. ಮಳೆಗಾಲ ಮುಗಿಯುವುದರೊಳಗೆ ಕೌದಿ ಓಣಿಗೆ ಬೆಂಕಿ ಇಟ್ಟವರ ಆಡುಗಳೂ, ಅವರಿಗೆ ಸೀಮೆಎಣ್ಣೆ ಮಾರಿದವರ ಎಮ್ಮೆಗಳೂ ಸ್ವಯಂಪ್ರೇರಿತವಾಗಿ ಅರಮನೆಯ ಕೊಟ್ಟಿಗೆ ಸೇರಿದವು. ಪ್ರಜೆಗಳಿಗೆ ತೊಂದರೆಯಾಗಬಾರದೆಂದು ಕರುಣಾಳು ಮಹಾರಾಜ ಕೋಟೆಗೋಡೆಯಲ್ಲಿ ಒಂದು ಕಿಂಡಿ ತೆರೆಸಿ ಹಾಲಿನ ಮಾರಾಟ ಶುರುಮಾಡಿದ. ತಂಬಿಗೆಗೆ ನಾಲ್ಕು ದುಡ್ಡು. ದುಡ್ಡಿನ ಜತೆ ಒಂದು ವಾಕ್ಯವನ್ನೂ ಹೇಳಬೇಕಿತ್ತು.

ಫಕೀರವ್ವ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಕಿಂಡಿಯೊಳಗೆ ತಂಬಿಗೆ ಚಾಚಿದಳು.

"ಹಾಲು ಕೊಟ್ಟ ಧಣಿ ನೂರು ವರ್ಷ ಬಾಳಲಿ."

"ಇನ್ನೂ ಸ್ವಲ್ಪ ಮೆತ್ತಗ," ಎಂದ ಒಳಗಿದ್ದವನು.

ಅವಳು ಮೆತ್ತಗೆ ಹೇಳಿದಳು. ಹಾಲು ತಂಬಿಗೆಗೆ ಬಿತ್ತು. ಅವಳ ಹಿಂದೆ ಸಾಲು ಬೆಳೆಯುತ್ತಲೇ ಇತ್ತು. ಆವತ್ತು ಪಂಜು ಹಿಡಿದು ಬಂದಿದ್ದವರು ಇವತ್ತು ತಂಬಿಗೆ ಹಿಡಿದು ನಿಂತಿದ್ದರು. ಒಬ್ಬರ ಮುಖ ಒಬ್ಬರು ನೋಡದೆ, ತಮ್ಮ ಪಾಳಿ ಬರುವವರೆಗೆ, ತುಟಿಯೊಳಗೇ ಆ ವಾಕ್ಯವನ್ನು ಮೆತ್ತಗೆ ಹೇಳಿ ಅಭ್ಯಾಸ ಮಾಡಿಕೊಳ್ಳುತ್ತಿದ್ದರು.